ನಮ್ಮ ಮಾವ ನುಡಿಸಿದ ‘ಅವಸರದ ಹುಡುಗಿ’

ಸೇತುವೆ ಕುಸಿದು ರೈಲು ಹೊಳೆಗೆ ಬಿದ್ದ ದಿನ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಆ ದಿನ ನನಗೆ ಚೆನ್ನಾಗಿ ನೆನಪಿದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮ ದೇಶದಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಮಕ್ಕಳಿಗೂ ಅದು ನೆನಪಿದೆ. ಆ ರಾಗದ ಮೊದಲ ನಾಲ್ಕು ಸ್ವರ ಎಲ್ಲಾದರೂ ಕೇಳಿಸಲಿ, ಬಸ್ಸಿನಲ್ಲಿ ಕೂತವರು ಮಾತು ನಿಲ್ಲಿಸುತ್ತಾರೆ, ಅಂಗಡಿಯವನು ತಕ್ಕಡಿ ಹಿಡಿದ ಕೈಯನ್ನು ಹಾಗೇ ಹಿಡಿದು ನಿಲ್ಲುತ್ತಾನೆ, ಆ ಹೊಳೆಯನ್ನು ಜನ್ಮದಲ್ಲಿ ನೋಡದವರ ಕಣ್ಣ ಮುಂದೆಯೂ ನೀರು, ಮುರಿದ ಕಂಬ, ತಲೆಕೆಳಗಾದ ಬೋಗಿ ಎಲ್ಲ ಬಂದು ನಿಲ್ಲುತ್ತವೆ. ಜನ ಅದನ್ನು ‘ಸೇತುವೆ ರಾಗ’ ಎನ್ನುತ್ತಾರೆ. ಅದನ್ನು ಕ್ಲಾರಿನೆಟ್ಟಿನಲ್ಲಿ ನುಡಿಸಿದವರು ನಮ್ಮ ಸೋದರಮಾವ. ಅದರ ನಿಜವಾದ ಹೆಸರು ‘ಅವಸರದ ಹುಡುಗಿ’. ಮದುವೆ ಮನೆಯಲ್ಲಿ ಜನ ಕುಣಿಯಲಿ ಎಂದು ಕಟ್ಟಿದ ಮಟ್ಟು ಅದು.

ಹೀಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ನನಗೆ ದುಃಖ ಅರ್ಥವಾಗುತ್ತದೆ, ದುಃಖದ ಮೇಲಿನ ಭಾಷಣ ಅರ್ಥವಾಗುವುದಿಲ್ಲ. ಸತ್ತವರ ಬಗ್ಗೆ ನನಗೆ ಹಗುರವಾದ ಮಾತಿಲ್ಲ. ಬದುಕಿರುವವರ ಬಗ್ಗೆ, ಅದರಲ್ಲೂ ನಮ್ಮ ಮಾವನ ಬಗ್ಗೆ, ಬೇಕಾದಷ್ಟಿದೆ. ಅಕ್ಕನ ಮಗಳಿಗೆ ಮಾವನನ್ನು ಆಡಿಕೊಳ್ಳುವ ಹಕ್ಕಿಲ್ಲದಿದ್ದರೆ ಇನ್ಯಾರಿಗಿದೆ?

ಮಾವನ ಅಂಗಡಿ ಒಂದು ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿದೆ. ಅಲ್ಲಿ ಎದ್ದು ನಿಲ್ಲುವುದಕ್ಕೆ ಬಾಗಿಲ ಹತ್ತಿರ ಮಾತ್ರ ಆಗುತ್ತದೆ. ಒಳಗೆ ಹೋದಷ್ಟೂ ಬಗ್ಗಬೇಕು, ಕೊನೆಗೆ ಕೂರಲೇಬೇಕು. ಗೋಡೆಗೆ ಮೊಳೆ ಹೊಡೆದು ಹಳೆಯ ಕ್ಲಾರಿನೆಟ್ಟು, ಕೊಳಲು, ಬಾಯಿ ಸೊಟ್ಟಗಾದ ತುತ್ತೂರಿಗಳನ್ನು ನೇತುಹಾಕಿದ್ದಾರೆ. ಮೇಜಿನ ಮೇಲೆ ಒಂದು ಸಣ್ಣ ದೀಪ, ಅದರಲ್ಲಿ ಅರಗು ಕರಗಿಸಿ ಗುಂಡಿಗಳ ಕೆಳಗಿನ ಮೆತ್ತೆಗಳನ್ನು ಅಂಟಿಸುತ್ತಾರೆ. ಅರಗು, ಎಣ್ಣೆ, ಹಳೇ ಮರ, ಜೊತೆಗೆ ಊರಿನ ಬ್ಯಾಂಡಿನವರೆಲ್ಲರ ಉಗುಳು, ಇವುಗಳ ವಾಸನೆ ಆ ಅಂಗಡಿಗೆ. ಅತ್ತೆ ಮಾವನ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾರೆ.

ಮೊದಲು ಮಾವ ಅಂಗಡಿಯವರಾಗಿರಲಿಲ್ಲ. ಮದುವೆ ಬ್ಯಾಂಡಿನಲ್ಲಿ ಮುಂದೆ ನಿಂತು ನುಡಿಸುವವರು. ಆಗ ಅವರು ಇದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಬಾಡಿಗೆಗಿದ್ದರು. ಹೊಸದಾಗಿ ಬಂದ ಅತ್ತೆ ಕೂತಲ್ಲಿ ಕೂರಲಾರದ ಹೆಣ್ಣು. ಮೆಟ್ಟಿಲನ್ನು ಇಳಿಯುವುದು ಎಂದರೆ ಅವರಿಗೆ ಮೆಟ್ಟಿಲಿಗೆ ಕಾಲು ತಾಗಿಸಿ ತೆಗೆಯುವುದು. ಟಕಟಕ ಟಕಟಕ ಎಂದು ಇಳಿದು, ಏನೋ ಮರೆತು, ಮತ್ತೆ ಹತ್ತಿ, ಮತ್ತೆ ಇಳಿದು ಹೋಗುತ್ತಿದ್ದರು. ಕೆಳಗೆ ಕೂತು ಅಭ್ಯಾಸ ಮಾಡುತ್ತಿದ್ದ ಮಾವ ಆ ಸದ್ದನ್ನೇ ಹಿಡಿದು ಮಟ್ಟು ಕಟ್ಟಿದರು. ಒಂದು ದಿನ ಅತ್ತೆ ಒಂದು ಮೆಟ್ಟಿಲು ತಪ್ಪಿ ಜಾರಿ ದೊಪ್ಪನೆ ಕೂತರು. ಗಂಡನಾದವನು ಓಡಿಹೋಗಿ ಎಬ್ಬಿಸಬೇಕು. ನಮ್ಮ ಮಾವ ಅದನ್ನೂ ಮಟ್ಟಿನೊಳಗೆ ಸೇರಿಸಿದರು. ಸರಿಯಾಗಿ ನಡುಮಧ್ಯೆ ಸ್ವರ ಮೇಲಿನಿಂದ ಜಾರಿ, ಕೆಳಗೆ ಬಂದು ಕೂರುತ್ತದೆ, ಒಂದು ಕ್ಷಣ ಸುಮ್ಮನಿದ್ದು ಮತ್ತೆ ಎದ್ದು ಓಡುತ್ತದೆ.

ಒಂದು ಸಣ್ಣ ಕಂಪನಿ ಅದನ್ನು ಗ್ರಾಮಫೋನ್ ತಟ್ಟೆ ಮಾಡಿತು. ಚಿಕ್ಕ ತಟ್ಟೆ. ತಟ್ಟೆಯ ನಡುವಿನ ಹಳದಿ ಕಾಗದದ ಮೇಲೆ ‘ಅವಸರದ ಹುಡುಗಿ’ ಎಂದು ಅಚ್ಚಾಗಿತ್ತು. ಅತ್ತೆ ಅದನ್ನು ನೆರೆಹೊರೆಗೆಲ್ಲ ತೋರಿಸಿ, “ಬಿದ್ದದ್ದು ನಾನು, ಹೆಸರು ಬಂದದ್ದು ಇವರಿಗೆ” ಎಂದು ಹೇಳಿಕೊಂಡು ಓಡಾಡಿದರು. ರೇಡಿಯೋ ಕೇಂದ್ರಕ್ಕೂ ಒಂದು ತಟ್ಟೆ ಹೋಯಿತು. ಅವರು ಅದನ್ನು ಒಮ್ಮೆಯೂ ಹಾಕಲಿಲ್ಲ.

ಆಮೇಲೆ ಸೇತುವೆ ಕುಸಿಯಿತು. ರಜೆ ಮುಗಿಸಿ ಕೆಲಸಕ್ಕೆ ಮರಳುತ್ತಿದ್ದವರಿಂದ ರೈಲು ತುಂಬಿ ತುಳುಕುತ್ತಿತ್ತು. ಯಾರು ಹತ್ತಿದ್ದರು, ಯಾರು ಹತ್ತಿರಲಿಲ್ಲ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಟೆಲಿಫೋನ್ ಇದ್ದ ಮನೆಗಳೇ ಕಡಿಮೆ. ಹೊಳೆಯಿಂದ ಎತ್ತಿದ ಶವಗಳ ಗುರುತು ಸಿಕ್ಕಂತೆಲ್ಲ ರೇಡಿಯೋದಲ್ಲಿ ಹೆಸರು ಓದುತ್ತಿದ್ದರು. ಕೆಲವು ಹೆಸರು ಓದುವುದು, ಮುಂದಿನ ಹೆಸರುಗಳು ಬರುವ ತನಕ ಸಂಗೀತ ಹಾಕುವುದು, ಮತ್ತೆ ಓದುವುದು. ಮೂರು ದಿನ ಇಡೀ ದೇಶ ರೇಡಿಯೋ ಮುಂದೆ ಕೂತಿತ್ತು.

ಅಲ್ಲಿ ತಟ್ಟೆ ಹಾಕುವ ನೌಕರನಿಗೆ ಅಧಿಕಾರಿ, “ಮಾತಿಲ್ಲದ ಸಂಗೀತ ಏನಾದ್ರೂ ಹಾಕಪ್ಪ, ಬೇಗ” ಎಂದರಂತೆ. ತಟ್ಟೆಗಳ ಕೋಣೆಗೆ ಬೀಗ. ಬೀಗದ ಕೈ ಇದ್ದವರು ತಮ್ಮವರನ್ನು ಹುಡುಕಲು ಹೊಳೆಯ ಕಡೆ ಓಡಿದ್ದರು. ಮೇಜಿನ ಮೇಲೆ, ಬೇಡದ ತಟ್ಟೆಗಳ ಗುಡ್ಡೆಯಲ್ಲಿ, ಮಾವನದು ಮೇಲೇ ಇತ್ತು. ಅವನು ತೆಗೆದು ಯಂತ್ರಕ್ಕೆ ಹಾಕಿದ. ಚಿಕ್ಕ ತಟ್ಟೆ ಬೇಗ ತಿರುಗಬೇಕು, ದೊಡ್ಡ ತಟ್ಟೆ ನಿಧಾನ. ಅಷ್ಟೊತ್ತಿನ ತನಕ ದೊಡ್ಡ ತಟ್ಟೆ ಓಡಿದ್ದ ಯಂತ್ರ ಅದು. ಅವಸರದಲ್ಲಿ ಆ ಪುಣ್ಯಾತ್ಮ ವೇಗದ ಗುಂಡಿ ತಿರುಗಿಸಲು ಮರೆತ. ಕುಣಿಯಬೇಕಾದ ಮಟ್ಟು ತಗ್ಗಿದ ದನಿಯಲ್ಲಿ, ಕಾಲೆಳೆಯುತ್ತಾ ಹೊರಗೆ ಬಂತು. ಅವನಿಗೆ ತಪ್ಪು ಹೊಳೆದು ಗುಂಡಿಯ ಕಡೆ ಕೈ ಚಾಚುವಷ್ಟರಲ್ಲಿ ಅಧಿಕಾರಿ ಒಳಗೆ ಬಂದು, ಕಣ್ಣೊರೆಸಿಕೊಂಡು, “ಎಂಥಾ ಸಂಗೀತ ಹುಡುಕಿದೆಯಪ್ಪ. ಇದನ್ನೇ ಹಾಕ್ತಾ ಇರು, ಬೇರೆ ಬೇಡ” ಎಂದುಬಿಟ್ಟರು. ಇದನ್ನೆಲ್ಲ ಆ ನೌಕರನೇ ಆಮೇಲೆ ಮಾವನ ಮುಂದೆ ಕೂತು ಹೇಳಿದ್ದು.

ಇತ್ತ ಮನೆಯಲ್ಲಿ ಮಾವ ರೇಡಿಯೋ ಮುಂದೆ ಕೂತು ಬಿಕ್ಕುತ್ತಿದ್ದರು. “ಯಾರೋ ಮಹಾನುಭಾವ, ಕರುಳು ಕಿತ್ತು ಬರೋ ಹಾಗೆ ನುಡಿಸ್ತಿದ್ದಾನೆ ಕಣೇ. ನಾನು ಏಳು ಜನ್ಮ ಎತ್ತಿದರೂ ಹೀಗೆ ನುಡಿಸೋಕಾಗಲ್ಲ” ಎಂದರು. ಅತ್ತೆ ಕಿವಿಗೊಟ್ಟು ಕೇಳಿದರು. ನಡುವೆ ಆ ಸ್ವರ ಜಾರಿ ಕೂತ ಕೂಡಲೇ ಅವರಿಗೆ ಗೊತ್ತಾಯಿತು.

“ರೀ, ಅಳಬೇಡಿ. ಅದು ನೀವೇ.”

“ಏನು ನಾನೇ?”

“ನುಡಿಸ್ತಿರೋದು ನೀವೇ. ಅಲ್ಲಿ ಬಿದ್ದದ್ದು ನಾನು.”

ಈ ಸಂಗತಿಯನ್ನು ಅತ್ತೆ ನನಗೆ ನೂರು ಸಲ ಹೇಳಿದ್ದಾರೆ. ಪ್ರತಿ ಸಲವೂ ನಕ್ಕು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನಕ್ಕೆನಲ್ಲ ಎಂಬ ನಾಚಿಕೆ ಅವರಿಗೆ ಇನ್ನೂ ಇದೆ.

ಎಲ್ಲ ಮುಗಿದ ಮೇಲೆ ಮಾವ ನಿಜ ಹೇಳಿಬಿಡೋಣ ಎಂದು ರೇಡಿಯೋ ಕೇಂದ್ರಕ್ಕೆ ಹೋದರು. ಅಧಿಕಾರಿ ಅವರನ್ನು ಕಂಡದ್ದೇ ತಬ್ಬಿಕೊಂಡು, “ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ನೋವು ಎಲ್ಲಿಂದ ತಂದ್ರಿ?” ಎಂದು ಅತ್ತರು. ಮಾವನ ಅಂಗಿಯ ಹೆಗಲು ಒದ್ದೆಯಾಯಿತು. ಅಷ್ಟು ಅತ್ತವರಿಗೆ, ಸ್ವಾಮಿ, ಅದು ನನ್ನ ಹೆಂಡತಿ ಮೆಟ್ಟಿಲಿಳಿದ ಸದ್ದು ಎಂದು ಹೇಗೆ ಹೇಳುವುದು? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಾತು ಬೆಳ್ಳಿ ಮೌನ ಬಂಗಾರ ಎಂದುಕೊಂಡು ಮನೆಗೆ ಬಂದರು. ಆ ಬಂಗಾರದಲ್ಲಿ ಒಂದು ಉಂಗುರವನ್ನೂ ಮಾಡಿಸಿಕೊಡಲಿಲ್ಲ ಎಂಬುದು ಅತ್ತೆಯ ದೂರು.

ಮುಂದಿನ ವರ್ಷ ಹೊಳೆಯ ದಂಡೆಯಲ್ಲಿ ಸ್ಮರಣೆಯ ಸಭೆ ನಡೆಯಿತು, ಮಾವ ಬಂದು ನುಡಿಸಬೇಕು ಎಂದಾಯಿತು. ಇಲ್ಲಿ ಒಂದು ತೊಂದರೆ ಬಂತು. ತಟ್ಟೆ ನಿಧಾನವಾಗಿ ತಿರುಗಿದ್ದರಿಂದ ದನಿಯೂ ಕೆಳಗಿಳಿದಿತ್ತು. ಮಾವನ ಕ್ಲಾರಿನೆಟ್ಟಿನಲ್ಲಿ ಅಷ್ಟು ತಗ್ಗಿನ ಸ್ವರಗಳೇ ಇಲ್ಲ. ದೇಶವೆಲ್ಲ ಕೇಳಿದ ತಮ್ಮದೇ ಮಟ್ಟನ್ನು ತಾವೇ ನುಡಿಸಲಾರದೆ ಮಾವ ಬೆವರಿದರು. ಕೊನೆಗೆ ಸಭೆಯವರೇ ಎಲ್ಲಿಂದಲೋ ಒಂದು ದೊಡ್ಡ ಕ್ಲಾರಿನೆಟ್ಟು ತರಿಸಿಕೊಟ್ಟರು. ಅದರ ಕುತ್ತಿಗೆ ನಲ್ಲಿಯ ಹಾಗೆ ಬಗ್ಗಿದೆ, ಭಾರ ಒಂದು ಕೈಗೂಸಿನಷ್ಟು. ಅತ್ತೆ ಅದಕ್ಕೆ ‘ಸವತಿ’ ಎಂದು ಹೆಸರಿಟ್ಟರು. ಅಂದಿನಿಂದ ಪ್ರತಿ ವರ್ಷ ಮಾವ ಕಪ್ಪು ಕೋಟು ತೊಟ್ಟು ಸವತಿಯನ್ನು ಎತ್ತಿಕೊಂಡು ಹೊಳೆ ದಂಡೆಗೆ ಹೋಗುತ್ತಾರೆ.

ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಆ ರಾಗದ ಸುತ್ತ ಏನೆಲ್ಲ ಹುಟ್ಟಿಕೊಂಡಿತು! ಸೇತುವೆ ಬೀಳುವ ಮೊದಲು ಹೊಳೆಯ ಮೇಲೆ ಈ ರಾಗ ತೇಲಿಬಂದದ್ದನ್ನು ಕೇಳಿದೆ ಎನ್ನುವವರು ನನಗೇ ಮೂವರು ಸಿಕ್ಕಿದ್ದಾರೆ. ಮಾವನ ತಮ್ಮ ಆ ರೈಲಿನಲ್ಲಿದ್ದ ಎಂದು ನಮ್ಮ ಶಾಲೆಯ ಮೇಷ್ಟ್ರು ಪಾಠ ಮಾಡಿದರು. ಮಾವನಿಗೆ ತಮ್ಮನೇ ಇಲ್ಲ. ನಾನು ಎದ್ದು ಹಾಗೆಂದು ಹೇಳಿ ಹೊರಗೆ ನಿಂತಿದ್ದೆ. ನಡುವೆ ಸ್ವರ ಜಾರುತ್ತದಲ್ಲ, ಅದು ಬೋಗಿ ಹೊಳೆಗೆ ಬಿದ್ದದ್ದು ಎಂದು ಒಬ್ಬರು ಪುಸ್ತಕದಲ್ಲೇ ಬರೆದರು. ಸಭೆಯಲ್ಲಿ ಸರಿಯಾಗಿ ಅಲ್ಲಿಗೆ ಬಂದಾಗ ಸಾವಿರ ಜನ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಾರೆ. ಅತ್ತೆ ಮಾತ್ರ ಕೂತಲ್ಲೇ ಸೊಂಟ ಸವರಿಕೊಳ್ಳುತ್ತಾರೆ.

ಹೆಸರು ಬಂದದ್ದಕ್ಕೆ ಹೊಟ್ಟೆಪಾಡು ಹೋಯಿತು. ಮದುವೆಗೆ ಮಾವನನ್ನು ಯಾರು ಕರೆಯುತ್ತಾರೆ? ಅವರು ಕ್ಲಾರಿನೆಟ್ಟು ಬಾಯಿಗಿಟ್ಟರೆ ಸಾಕು, ಮದುವಣಗಿತ್ತಿಯ ಅಜ್ಜಿ ಅಳಲು ಶುರು ಮಾಡುತ್ತಿದ್ದರು. ಬ್ಯಾಂಡಿನವರು ನಯವಾಗಿ, “ಅಣ್ಣಾ, ನೀವೀಗ ದೊಡ್ಡವರು” ಎಂದು ಕಳಿಸಿಕೊಟ್ಟರು. ಮಾವ ಮೆಟ್ಟಿಲ ಕೆಳಗೆ ಬಂದು ಕೂತರು. ಮನೆಯಲ್ಲಿದ್ದ ಒಂದೇ ತಟ್ಟೆಯನ್ನು ವಸ್ತುಸಂಗ್ರಹಾಲಯದವರು ಬಂದು ಕೊಂಡೊಯ್ದರು. ಅಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ನಿಧಾನದ ರಾಗವನ್ನೇ ದಿನವಿಡೀ ಕೇಳಿಸುತ್ತಾರೆ. ಬಚ್ಚಲಲ್ಲಿ ಮಾವ ಅದನ್ನು ಗುನುಗಿದರೂ ಪಕ್ಕದ ಮನೆಯವರು ಬಾಗಿಲು ತಟ್ಟಿ, “ಎಲ್ಲ ಕ್ಷೇಮ ತಾನೇ?” ಎಂದು ಕೇಳುತ್ತಿದ್ದರು. ಮಾವ ಗುನುಗುವುದನ್ನೂ ಬಿಟ್ಟರು.

ತಡವಾಗಿ ಹುಟ್ಟಿದ ಒಬ್ಬಳೇ ಮಗಳಿಗೆ ಈಚೆಗೆ ಮದುವೆ ನಿಶ್ಚಯವಾಯಿತು. ಹುಡುಗ ಒಳ್ಳೆಯವನು, ಔಷಧದಂಗಡಿ ಇಟ್ಟಿದ್ದಾನೆ. ತಾಯಿ ಮಗ ಇಬ್ಬರದೇ ಮನೆ. ಅಂದು ಎಲ್ಲರೂ ಎದ್ದು ಹೋದ ಮೇಲೆ ಅತ್ತೆ ಚಹಾದ ಲೋಟಗಳನ್ನು ಒಟ್ಟು ಮಾಡುತ್ತಾ ಮಾವನನ್ನು ಕೇಳಿದರು.

“ನಾನು ನಿಮ್ಮನ್ನ ಇವತ್ತಿನವರೆಗೆ ಏನಾದ್ರೂ ಕೇಳಿದೀನಾ?”

“ದಿನಾ ಕೇಳ್ತೀಯ.”

“ತಮಾಷೆ ಬೇಡ. ಮಗಳ ಮದುವೇಲಿ ನನ್ನ ಹಾಡು ನುಡಿಸಿ. ಸರಿಯಾದ ವೇಗದಲ್ಲಿ. ಎಲ್ಲರ ಮುಂದೆ. ದೇಶಕ್ಕೆ ಇಷ್ಟು ವರ್ಷ ಕೊಟ್ಟಾಯ್ತು, ಒಂದೇ ಒಂದು ಸಲ ನನಗೆ ವಾಪಸ್ ಕೊಡಿ.”

ಅತ್ತೆಯ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ. ನನಗೆ ಆಗ ತಿಳಿಯಿತು, ಇಷ್ಟು ವರ್ಷ ಸವತಿ ಸವತಿ ಎಂದು ನಗುತ್ತಿದ್ದ ಹೆಂಗಸಿಗೆ ಒಳಗೊಳಗೇ ಎಷ್ಟು ನೋವಾಗಿದೆ ಎಂದು. ಹೊಸ ಸಂಸಾರದ ಖುಷಿಯೆಲ್ಲ ಆ ಮಟ್ಟಿನಲ್ಲಿತ್ತು. ಅದು ಕೇಳಿಸಿದರೆ ಈಗ ಅವರಿಗೂ ಹೊಳೆಯೇ ಕಾಣುತ್ತಿತ್ತು. ಮಾವ ತಲೆಯಾಡಿಸಿ, “ಆಯ್ತು” ಎಂದರು.

ಆಯ್ತು ಎಂದದ್ದು ಬಾಯಿ, ಕೈಗೆ ಅದು ಗೊತ್ತಾಗಬೇಕಲ್ಲ! ಅಂಗಡಿಯಲ್ಲಿ ಕೂತು ಚಿಕ್ಕ ಕ್ಲಾರಿನೆಟ್ಟು ತೆಗೆದು ಶುರು ಮಾಡಿದರೆ ಮೊದಲ ನಾಲ್ಕು ಸ್ವರ ಓಡುತ್ತಿತ್ತು, ಐದನೆಯದಕ್ಕೆ ಬೆರಳುಗಳು ತಾವಾಗಿಯೇ ನಿಧಾನವಾಗಿ ಹೊಳೆ ದಂಡೆಗೆ ಹೋಗಿ ನಿಲ್ಲುತ್ತಿದ್ದವು. ಅಷ್ಟು ವರ್ಷಗಳ ಅಭ್ಯಾಸ. ಹಳೆಯ ವೇಗ ಎಷ್ಟಿತ್ತು ಎಂಬುದೇ ಮಾವನಿಗೆ ಮರೆತುಹೋಗಿತ್ತು. ಕೇಳೋಣ ಎಂದರೆ ತಟ್ಟೆ ಗಾಜಿನೊಳಗೆ. ಕೊನೆಗೆ ಅವರಿಗೊಂದು ಉಪಾಯ ಹೊಳೆಯಿತು.

“ನೀನು ಒಂದ್ಸಲ ಮೇಲಿಂದ ಇಳಿದು ಬಾರೇ. ಸದ್ದು ಹಿಡ್ಕೋತೀನಿ.”

ಅತ್ತೆ ಮೇಲೆ ಹತ್ತಿದರು. ಹತ್ತಿ, ಉಸಿರು ಬಿಟ್ಟು, ಕಂಬಿ ಹಿಡಿದು ಇಳಿಯತೊಡಗಿದರು. ಟಕ್ ಎಂದು ಒಂದು ಹೆಜ್ಜೆ. ಬಹಳ ಹೊತ್ತಿನ ಮೇಲೆ ಇನ್ನೊಂದು. ಈಗ ಅವರಿಗೆ ಎರಡೂ ಮಂಡಿ ನೋವು. ಅರ್ಧ ಮೆಟ್ಟಿಲಲ್ಲಿ ನಿಂತು, “ಏನ್ ಕೇಳ್ತೀರಿ, ಈಗ ನನ್ನ ನಡಿಗೆಗೂ ನಿಮ್ಮ ಸೇತುವೆ ರಾಗಾನೇ ಸರಿ” ಎಂದು ಅವರು ನಕ್ಕರು. ಮಾವ ನಗಲಿಲ್ಲ. ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟು ಆ ಮಂಡಿಗಳನ್ನೇ ನೋಡುತ್ತಾ ಕೂತರು.

ಕೊನೆಗೆ ಆ ಕೆಲಸ ನನ್ನ ತಲೆಗೆ ಬಂತು. ಇಬ್ಬರು ಮಕ್ಕಳ ತಾಯಿ, ಕಚೇರಿಯಿಂದ ಬಂದವಳು, ಸಂಜೆ ಆ ಮೆಟ್ಟಿಲುಗಳನ್ನು ಹತ್ತಿ ಇಳಿದು ಓಡಿದೆ. ಅತ್ತೆ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, “ಇನ್ನೂ ಬೇಗ! ನಾನು ಹಾಗೆ ಹೆಣಭಾರವಾಗಿ ಇಳೀತಿರಲಿಲ್ಲ!” ಎಂದು ಬೈದರು. ಮೇಲಿನ ಮನೆಯವರು ಬಾಗಿಲು ತೆರೆದು, ಬೆವರಿಳಿಸಿಕೊಂಡು ಓಡುವ ನನ್ನನ್ನು ನೋಡಿ, ಮತ್ತೆ ಬಾಗಿಲು ಹಾಕಿಕೊಂಡರು. ಹೀಗೆ ಕೆಲವು ಸಂಜೆ ಕಳೆದ ಮೇಲೆ ಮಾವನ ಬೆರಳು ನನ್ನ ಕಾಲಿನ ಜೊತೆ ಓಡಲು ಕಲಿತವು. ಒಂದು ದಿನ ಮಟ್ಟು ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲದೆ ಹೋಯಿತು. ನಾನು ಅದನ್ನು ಆ ವೇಗದಲ್ಲಿ ಕೇಳಿದ್ದು ಜೀವನದಲ್ಲಿ ಅದೇ ಮೊದಲು. ಎಷ್ಟು ತುಂಟತನದ ಮಟ್ಟು ಅದು! ಅತ್ತೆ ಕುರ್ಚಿಯಲ್ಲೇ ಕಾಲು ಕುಣಿಸಿದರು, ಮಂಡಿ ನೋವು ನೆನಪಾಗಿ ಅಯ್ಯೋ ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬಂತು ಎಂದುಕೊಳ್ಳುವಷ್ಟರಲ್ಲಿ ಮಗಳು ಹೊಸ ಸುದ್ದಿ ತಂದಳು. “ಅಪ್ಪಾ, ಒಂದು ವಿಷಯ. ನನಗೆ ಅತ್ತೆ ಆಗೋರ ತಂದೆ ಆ ರೈಲಲ್ಲಿದ್ರಂತೆ.”

ಮಾವ ಕೈಯಲ್ಲಿದ್ದ ದೀಪವನ್ನು ಕೆಳಗಿಟ್ಟರು.

“ಇವರೇ ಹೇಳಿದ್ರು. ಆ ರಾಗ ಎಲ್ಲಾದ್ರೂ ಬಂದ್ರೆ ಅವರಮ್ಮ ಮಾಡೋ ಕೆಲಸ ಬಿಟ್ಟು ಅಲ್ಲೇ ಕೂತುಬಿಡ್ತಾರಂತೆ. ಮುಗಿಯೋ ತನಕ ಯಾರ ಜೊತೆಗೂ ಮಾತಿಲ್ಲ. ಮದುವೇಲಿ ಅದನ್ನ ಕುಣಿಯೋ ಹಾಡು ಮಾಡಿ ನುಡಿಸಿದ್ರೆ ಏನಂದ್ಕೋತಾರೆ?”

ಅಂದು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಒಂದು ಕಡೆ ಹೆಂಡತಿ ಜನ್ಮಕ್ಕೊಂದು ಎಂದು ಕೇಳಿದ್ದು, ಇನ್ನೊಂದು ಕಡೆ ಮಗಳ ಅತ್ತೆ ಮನೆ. ಕೊನೆಗೆ ನಮ್ಮ ಅತ್ತೆಯೇ, “ಬಿಡಿ, ಬೇಡ. ನನ್ನ ಹಣೆಬರಹದಲ್ಲಿ ನಿಧಾನವೇ ಬರೆದಿದೆ” ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮದುವೆಯ ದಿನ ಮಾತ್ರ ಮಾವನ ಕೈಯಲ್ಲಿ ಚಿಕ್ಕ ಕ್ಲಾರಿನೆಟ್ಟಿನ ಪೆಟ್ಟಿಗೆ ಇತ್ತು.

ಬಾಡಿಗೆಗೆ ಹಿಡಿದ ಸಭಾಂಗಣ. ಸುಣ್ಣ ಹೊಡೆದ ಗೋಡೆ, ಮಡಚುವ ಕುರ್ಚಿ, ಒಂದು ಮೂಲೆಯಲ್ಲಿ ಬ್ಯಾಂಡು. ಹುಡುಗ ಹುಡುಗಿ ಗಂಡ ಹೆಂಡತಿಯಾಗಿ, ಎಲ್ಲರೂ ಊಟಕ್ಕೆ ಏಳುವ ಮೊದಲಿನ ಗದ್ದಲದಲ್ಲಿ ಮಾವ ಎದ್ದು ಬ್ಯಾಂಡಿನವರ ಪಕ್ಕ ಹೋಗಿ ನಿಂತರು. ಮೊದಲ ಸಾಲಿನಲ್ಲಿ ಸ್ಮರಣೆ ಸಭೆಯ ಕಾರ್ಯದರ್ಶಿ ಕೂತಿದ್ದರು. ಅವರ ಪಕ್ಕದಲ್ಲಿ ಬೀಗಿತ್ತಿ, ತಿಳಿ ಬಣ್ಣದ ಸೀರೆಯಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಜನ ಎದ್ದು ತಲೆತಗ್ಗಿಸಿ ನಿಂತುಬಿಟ್ಟರೆ? ಬೀಗಿತ್ತಿ ಎದ್ದು ಹೋದರೆ? ಮಾವ ಅತ್ತೆಯ ಕಡೆ ಒಂದು ಸಲ ನೋಡಿದರು, ಕಣ್ಣು ಮುಚ್ಚಿದರು, ಕ್ಲಾರಿನೆಟ್ಟಿನಲ್ಲಿ ಮೆಟ್ಟಿಲಿಳಿಯತೊಡಗಿದರು.

ಏನಾಯಿತು ಎಂದು ಕೇಳಿ. ಏನೂ ಆಗಲಿಲ್ಲ. ಯಾರಿಗೂ ಗುರುತು ಸಿಗಲಿಲ್ಲ! ಮಕ್ಕಳು ಕುರ್ಚಿಗಳ ನಡುವೆ ಕುಣಿದರು. ಬ್ಯಾಂಡಿನ ಡೋಲಿನವನು ಹುರುಪಿನಿಂದ ಸೇರಿಕೊಂಡ. ಸ್ವರ ಜಾರಿ ದೊಪ್ಪನೆ ಕೂತಾಗ ಜನ ಗೊಳ್ಳೆಂದು ನಕ್ಕರು. ನಕ್ಕರು ಎಂದರೆ, ವರ್ಷ ವರ್ಷ ಅದೇ ಜಾಗದಲ್ಲಿ ಉಸಿರೆಳೆದುಕೊಂಡವರೇ ನಕ್ಕರು. ಅತ್ತೆಯ ಮುಖ ನೋಡಬೇಕಿತ್ತು. ನಾಚಿ, ನಕ್ಕು, ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದ ಆ ಹೆಂಗಸಿನೊಳಗೆ ಹೊಸ ಮದುವಣಗಿತ್ತಿ ಕಾಣಿಸಿದಳು. ಹಾಡು ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. ಕಾರ್ಯದರ್ಶಿ ಎದ್ದು ಬಂದು ಮಾವನ ಕೈ ಹಿಡಿದು, “ಹೊಸದಾ? ಚೆನ್ನಾಗಿದೆ, ಚೆನ್ನಾಗಿದೆ. ಆದರೆ ನಿಮ್ಮಂಥವರಿಗೆ ಇಂಥ ಹಗುರ ಸಂಗೀತ ಒಪ್ಪಲ್ಲ ನೋಡಿ” ಎಂದು ಕಿವಿಮಾತು ಹೇಳಿ ಊಟದ ಕಡೆ ಹೊರಟರು. ನನಗೆ ನಗು ತಡೆಯಲಾಗದೆ ಕಂಬದ ಹಿಂದೆ ಹೋದೆ.

ತಿರುಗಿ ಬಂದಾಗ ಬೀಗಿತ್ತಿ ಮಾವನ ಎದುರು ನಿಂತಿದ್ದರು.

“ಬೀಗರೇ, ಇದು ಅದೇ ಅಲ್ವಾ?”

ಮಾವನ ಮುಖ ಬಿಳಿಚಿಕೊಂಡಿತು. “ಹೌದಮ್ಮಾ” ಎಂದರು.

“ಮೊದಲು ಗೊತ್ತಾಗಲಿಲ್ಲ. ಜಾರೋ ಜಾಗಕ್ಕೆ ಬಂದಾಗ ಗೊತ್ತಾಯ್ತು.”

ಮಾವ ಎಲ್ಲವನ್ನೂ ಹೇಳಿಬಿಟ್ಟರು. ಅಧಿಕಾರಿಗೆ ಹೇಳದ್ದನ್ನು, ಇಷ್ಟು ವರ್ಷ ಸಭೆಯಲ್ಲಿ ಹೇಳದ್ದನ್ನು, ಆ ಗದ್ದಲದಲ್ಲಿ ನಿಂತು ತೊದಲುತ್ತಾ ಹೇಳಿದರು. ಮೆಟ್ಟಿಲು, ಚಿಕ್ಕ ತಟ್ಟೆ, ತಿರುಗಿಸದೆ ಉಳಿದ ಗುಂಡಿ. “ತಪ್ಪಿನಿಂದ ನಿಧಾನ ಆಗಿದ್ದಮ್ಮಾ. ನಿಮ್ಮ ತಂದೆಯವರ ದುಃಖವನ್ನ ನಾನು ಕುಣಿಸಿದೆ ಅಂತ ತಿಳೀಬೇಡಿ. ನಿಮಗೆ ನೋವಾಗಿದ್ರೆ…”

ಬೀಗಿತ್ತಿ ಕೈ ಎತ್ತಿ ತಡೆದರು. ಕೈಚೀಲದ ಹಿಡಿಕೆಯನ್ನು ತಿರುವುತ್ತಾ ಹೇಳಿದರು.

“ಎಲ್ಲರಿಗೂ ಅದು ಅಳೋ ರಾಗ. ನಮಗೆ ಹಾಗಲ್ಲ ಬೀಗರೇ. ನಾನಾಗ ಇನ್ನೂ ಶಾಲೆಗೆ ಹೋಗೋ ಹುಡುಗಿ. ಅಮ್ಮ, ನಾನು, ರೇಡಿಯೋ ಮುಂದೆ. ಹೆಸರು ಓದೋವಾಗ ಅಮ್ಮ ನನ್ನ ಕೈ ಹಿಸುಕ್ತಿದ್ರು. ಓದಿ ಮುಗೀತು, ಅಪ್ಪನ ಹೆಸರು ಬರಲಿಲ್ಲ ಅಂದ್ರೆ ನಿಮ್ಮ ರಾಗ ಬರೋದು. ಅದು ಬರ್ತಿರೋ ಅಷ್ಟು ಹೊತ್ತು ಯಾರೂ ಹೆಸರು ಓದಲ್ಲ. ಅಷ್ಟು ಹೊತ್ತು ಅಪ್ಪ ಇದ್ದಾರೆ ಅಂತ ಲೆಕ್ಕ. ಆ ಜಾರೋ ಜಾಗ ಬಂದ್ರೆ ಅಮ್ಮ, ‘ಅರ್ಧ ಆಯ್ತು ಕಣೇ’ ಅನ್ನೋರು. ದೇವರೇ, ಮುಗೀದಿರ್ಲಿ ಅಂತ ನಾನು ಕಣ್ಣು ಮುಚ್ಕೊಳ್ಳೋಳು. ಮೂರನೇ ದಿನ ಸಂಜೆ ಹೆಸರು ಬಂತು.”

ಬೀಗಿತ್ತಿ ಮಾವನ ಕೈಯಲ್ಲಿದ್ದ ಕ್ಲಾರಿನೆಟ್ಟಿನ ಕಡೆ ನೋಡಿದರು.

“ನೀವು ಈಗ ನುಡಿಸಿದ್ದು ಚೆನ್ನಾಗಿತ್ತು. ಸುಳ್ಳು ಹೇಳಲ್ಲ, ನಾನೂ ನಕ್ಕೆ. ಆದ್ರೆ ಎಷ್ಟು ಬೇಗ ಮುಗಿದುಹೋಯ್ತು!” ಎಂದರು ಬೀಗಿತ್ತಿ. “ಸರಿಯಾದ ವೇಗದಲ್ಲಿ ಹಾಕಿದ್ರೆ ನಮ್ಮಪ್ಪಂಗೆ ಅಷ್ಟೇ ಹೊತ್ತು ಸಿಗ್ತಿದ್ದದ್ದು. ಯಾರೋ ಗುಂಡಿ ತಿರುಗಿಸೋದು ಮರೆತದ್ದಕ್ಕೆ ಇನ್ನಷ್ಟು ಹೊತ್ತು ಇದ್ರು.”

ಮಾವ ತಲೆತಗ್ಗಿಸಿ ಕ್ಲಾರಿನೆಟ್ಟಿನ ಗುಂಡಿಗಳ ಮೇಲೆ ಬೆರಳಾಡಿಸುತ್ತಿದ್ದರು. ಬೀಗಿತ್ತಿ ಕೇಳಲೋ ಬೇಡವೋ ಎಂಬಂತೆ ಕೇಳಿದರು. “ನಿಧಾನವಾಗಿ ಒಂದ್ಸಲ ನುಡಿಸ್ತೀರಾ? ಇದು ಅಪ್ಪನ ಮೊಮ್ಮಗನ ಮದುವೆ. ಅಪ್ಪ ಇದ್ದ ಹಾಗಾಗುತ್ತೆ.”

ಮಾವ ಅತ್ತೆಯ ಕಡೆ ನೋಡಿದರು. ತನ್ನ ಹಾಡು ಈಗಷ್ಟೇ ಕೈಗೆ ಬಂದು ಇನ್ನೂ ಬಿಸಿ ಆರದ ಹೆಂಗಸು ಅದು. ಅಡುಗೆಯವರು ಬಂದು, “ಬಡಿಸೋದಾ?” ಎಂದು ಅವರನ್ನೇ ಕೇಳುತ್ತಿದ್ದರು. ಅತ್ತೆ ಅವರಿಗೆ, “ಸ್ವಲ್ಪ ತಡೀರಪ್ಪ” ಎಂದರು. ಒಂದು ಕುರ್ಚಿ ಎಳೆದು ಬೀಗಿತ್ತಿಯನ್ನು ಕೂರಿಸಿದರು, ಪಕ್ಕದಲ್ಲಿ ತಾವೂ ಕೂತು ಅವರ ಕೈ ಹಿಡಿದುಕೊಂಡರು.

ದೊಡ್ಡ ಕ್ಲಾರಿನೆಟ್ಟು ಮನೆಯಲ್ಲಿತ್ತು. ಮಾವ ಚಿಕ್ಕದರಲ್ಲೇ, ಅದರ ಎಳೆಯ ದನಿಯಲ್ಲೇ, ನಿಧಾನವಾಗಿ ಶುರು ಮಾಡಿದರು. ಊಟದ ಕಡೆ ಹೊರಟವರು ಹೊರಟಲ್ಲೇ ನಿಂತರು. ಕಾರ್ಯದರ್ಶಿ ಬಾಗಿಲಲ್ಲಿ ತಲೆತಗ್ಗಿಸಿದರು. ಬೀಗಿತ್ತಿ ಕಣ್ಣು ಮುಚ್ಚಿದ್ದರು. ಅವರ ಕೈ ಅತ್ತೆಯ ಕೈಯನ್ನು ಹಿಸುಕುತ್ತಿತ್ತು. ಸ್ವರ ಮೇಲಿನಿಂದ ಜಾರಿ ಕೆಳಗೆ ಬಂದು ಕೂತಿತು, ಅರ್ಧ ಮುಗಿಯಿತು. ಆಮೇಲಿನದು ಬೇಗ ಬೇಗ ಕರಗಿದಂತೆ ನನಗನ್ನಿಸಿತು. ಕೊನೆಯ ಸಾಲು ಬಂತು, ಮಾವ ಕೊನೆಯ ಸ್ವರಕ್ಕೆ ಉಸಿರು ಎಳೆದುಕೊಂಡರು.

“ರೀ, ಮುಗಿಸ್ಬೇಡಿ” ಎಂದರು ಅತ್ತೆ.

ಮಾವ ಕೊನೆಯ ಸ್ವರವನ್ನು ನುಡಿಸದೆ ಮತ್ತೆ ಮೊದಲಿನಿಂದ ಶುರು ಮಾಡಿದರು.